ಟ್ಯಾಂಕು ತುಂಬಿದ ಮೇಲೂ ಮೋಟರ್ ನಿಲ್ಲಲಿಲ್ಲ

ನಮ್ಮ ಮನೆ ತುಮಕೂರಿನಲ್ಲಿ. ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಸಂಪು ತುಂಬಿಸಿಕೊಳ್ಳಬೇಕು, ಆಮೇಲೆ ಮೋಟರ್ ಹಾಕಿ ತಾರಸಿ ಮೇಲಿನ ಸಾವಿರ ಲೀಟರ್ ಟ್ಯಾಂಕಿಗೆ ಏರಿಸಬೇಕು. ಮೋಟರ್ ಹಾಕುವುದು ಸುಲಭ, ಆಫ್ ಮಾಡಲು ನೆನಪಾಗುವುದು ಕಷ್ಟ. ಅಮ್ಮ ಸ್ವಿಚ್ ಹಾಕಿ ಒಗ್ಗರಣೆಗೆ ನಿಂತರೆ ಮುಗಿಯಿತು. ಟ್ಯಾಂಕು ತುಂಬಿ, ಓವರ್‌ಫ್ಲೋ ಪೈಪಿನ ನೀರು ಪಕ್ಕದ ಮನೆಯ ಶೀಟಿನ ಮೇಲೆ ದಬದಬ ಬೀಳುತ್ತದೆ. "ರೀ, ಮೋಟರ್ ಆಫ್ ಮಾಡ್ರೀ, ನೀರು ಹೋಗ್ತಿದೆ!" ಅಂತ ಪಕ್ಕದ ಮನೆ ಆಂಟಿ ಕಾಂಪೌಂಡ್ ಆಚೆಯಿಂದ ಕೂಗುತ್ತಾರೆ. ಇಷ್ಟು ವರ್ಷ ನಮ್ಮ ಮನೆಯ ವಾಟರ್ ಲೆವೆಲ್ ಸೆನ್ಸರ್ ಅಂದರೆ ಆ ಆಂಟಿಯೇ.

ಅಂಗಡಿಯಲ್ಲಿ ರೆಡಿ ಕಂಟ್ರೋಲರ್ ಸಿಗುತ್ತದಲ್ಲ ಅಂತ ನೀವು ಕೇಳಬಹುದು. ಸಿಗುತ್ತದೆ. ಆದರೆ ಬೀರುವಿನಲ್ಲಿ ಒಂದು ಹಳೇ ರಾಸ್‌ಬೆರಿ ಪೈ, ಅಂದರೆ ಅಂಗೈಯಗಲದ ಪುಟ್ಟ ಕಂಪ್ಯೂಟರ್, ಸುಮ್ನೆ ಮಲಗಿತ್ತು. ಮೊದಲ ತಲೆಮಾರಿನ ಮಾಡೆಲ್ ಬಿ. 2013ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಸೆಪಟ್ಟು ಕೊಂಡದ್ದು. 700 ಮೆಗಾಹರ್ಟ್ಸ್‌ನ ಒಂದೇ ಕೋರ್, 512 ಎಂಬಿ ರ‍್ಯಾಮ್, 26 ಪಿನ್ನು, ದೊಡ್ಡ ಸೈಜಿನ ಎಸ್‌ಡಿ ಕಾರ್ಡು. ವೈಫೈ ಇಲ್ಲ. ಈಗಿನ ಹುಡುಗರು ನೋಡಿದರೆ ನಗುತ್ತಾರೆ. ಆದರೆ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಅಂತ ನೆನಪಿಟ್ಟುಕೊಳ್ಳಲು ಎಷ್ಟು ಬುದ್ಧಿ ಬೇಕು?

ಯೋಜನೆ ಹೀಗಿತ್ತು. ಪೈ ರೂಟರ್ ಪಕ್ಕದಲ್ಲಿ ಕೇಬಲ್ ಸಿಕ್ಕಿಸಿಕೊಂಡು ಕೂರುತ್ತದೆ. ತಾರಸಿಯಲ್ಲಿ ಒಂದು ಇಎಸ್‌ಪಿ8266 ಅನ್ನುವ ವೈಫೈ ಇರುವ ಪುಟ್ಟ ಬೋರ್ಡು ನೀರಿನ ಮಟ್ಟ ಅಳೆಯುತ್ತದೆ. ಕೆಳಗೆ ಮೋಟರ್ ಸ್ವಿಚ್ ಹತ್ತಿರ ಇನ್ನೊಂದು ಇಎಸ್‌ಪಿ ಮೋಟರನ್ನು ಹಾಕಿ ತೆಗೆಯುತ್ತದೆ. ಮೂವರೂ ಎಂಕ್ಯೂಟಿಟಿ ಅನ್ನುವ, ಯಂತ್ರಗಳು ಪುಟ್ಟ ಸಂದೇಶ ಕಳಿಸಿಕೊಳ್ಳುವ ಪದ್ಧತಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಇದು 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ತೈಲ ಪೈಪ್‌ಲೈನ್‌ಗಳ ಸುದ್ದಿಯನ್ನು ಉಪಗ್ರಹದ ಮೂಲಕ ತರಿಸಿಕೊಳ್ಳಲು ಕಟ್ಟಿದ ಏರ್ಪಾಡು. ನಮ್ಮ ಮನೆಯಲ್ಲಿ ಒಂದೂಕಾಲು ಇಂಚಿನ ಪಿವಿಸಿ ಪೈಪಿನ ಸುದ್ದಿ ತರುತ್ತದೆ. ಪೈನಲ್ಲಿ ಅದನ್ನು ನಡೆಸುವ ಸಾಫ್ಟ್‌ವೇರಿನ ಹೆಸರು ಮಸ್ಕಿಟೋ. ಟ್ಯಾಂಕಿನೊಳಗೆ ಸೊಳ್ಳೆ ಬೇಡ, ಪೈನೊಳಗೆ ಇದ್ದುಕೊಳ್ಳಲಿ ಅಂದುಕೊಂಡೆ.

ಮೊದಲ ಸಂಜೆಯೇ ಪೈ ಸತಾಯಿಸಿತು. ಬೂಟ್ ಆಗುತ್ತದೆ, ಐದು ನಿಮಿಷಕ್ಕೆ ನೆಟ್‌ವರ್ಕ್ ಬಿಟ್ಟುಹೋಗುತ್ತದೆ. ಕೆಂಪು ದೀಪ ಮಾತ್ರ ನೆಟ್ಟಗೆ ಉರಿಯುತ್ತಿದೆ. ಹೊಸ ಪೈಗಳಲ್ಲಿ ವೋಲ್ಟೇಜ್ ಕಮ್ಮಿಯಾದರೆ ಪರದೆ ಮೇಲೆ ಮಿಂಚಿನ ಗುರುತು ಬರುತ್ತದೆ, ಇದರಲ್ಲಿ ಆ ಸೌಕರ್ಯ ಇಲ್ಲ. ಆದರೆ ಈ ಹಳೇ ಬೋರ್ಡಿನಲ್ಲಿ ಟಿಪಿ1, ಟಿಪಿ2 ಅಂತ ಎರಡು ಪುಟ್ಟ ಚುಕ್ಕೆಗಳಿವೆ. ಅವುಗಳ ಮೇಲೆ ಮೀಟರಿನ ಕಡ್ಡಿ ಇಟ್ಟರೆ ಬೋರ್ಡಿಗೆ ನಿಜಕ್ಕೂ ಎಷ್ಟು ವೋಲ್ಟ್ ತಲುಪುತ್ತಿದೆ ಅಂತ ಗೊತ್ತಾಗುತ್ತದೆ. 4.75ರಿಂದ 5.25ರ ನಡುವೆ ಇರಬೇಕು. ನನಗೆ ಸಿಕ್ಕಿದ್ದು 4.58. ಚಾರ್ಜರ್ ಸರಿಯಾಗಿಯೇ ಇತ್ತು. ಯಾವುದೋ ಹಳೇ ಮೊಬೈಲಿನ ಜೊತೆ ಬಂದಿದ್ದ ಕೂದಲೆಳೆಯಂಥ ಯುಎಸ್‌ಬಿ ಕೇಬಲ್ ದಾರಿಯಲ್ಲೇ ಅರ್ಧ ವೋಲ್ಟ್ ತಿಂದುಬಿಡುತ್ತಿತ್ತು. ದಪ್ಪನೆಯ, ಗಿಡ್ಡ ಕೇಬಲ್ ಹಾಕಿದೆ. 4.97. ಅಲ್ಲಿಂದ ಇಲ್ಲಿಯವರೆಗೆ ನೆಟ್‌ವರ್ಕ್ ಬಿದ್ದಿಲ್ಲ. ನಿಮ್ಮ ಪೈ ತಲೆಕೆಟ್ಟಂತೆ ಆಡಿದರೆ ಸಾಫ್ಟ್‌ವೇರ್ ಕೆದಕುವ ಮೊದಲು ಕೇಬಲ್ ಬದಲಿಸಿ.

ಇನ್ನು ನೀರು ಅಳೆಯುವುದು. ಕಾಲೇಜಿನಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಮಾಡಿರುತ್ತೇವಲ್ಲ, ಬಿಸಿ547 ಟ್ರಾನ್ಸಿಸ್ಟರ್ ಮತ್ತು ನಾಲ್ಕು ತಾಮ್ರದ ತಂತಿ. ನೀರು ಮುಟ್ಟಿದರೆ ಎಲ್‌ಇಡಿ ಹತ್ತುತ್ತದೆ. ಅದನ್ನೇ ಇಳಿಬಿಟ್ಟೆ. ಇಪ್ಪತ್ತು ದಿನ ಚೆನ್ನಾಗಿ ನಡೆಯಿತು. ಆಮೇಲೆ ತೆಗೆದು ನೋಡಿದರೆ ಪಾಸಿಟಿವ್ ತಂತಿ ಹಸಿರು ಹಿಡಿದು ಸೂಜಿಯಷ್ಟು ತೆಳ್ಳಗಾಗಿತ್ತು, ಉಳಿದವಕ್ಕೆ ಬಿಳಿ ಸುಣ್ಣ ಮೆತ್ತಿಕೊಂಡಿತ್ತು. ನಮ್ಮದು ಬೋರ್ ನೀರೂ ಬೆರೆಯುವ ಸಂಪು, ಗಡಸು ಜಾಸ್ತಿ. ಡಿಸಿ ಕರೆಂಟನ್ನು ಹಗಲೂ ರಾತ್ರಿ ನೀರಿನಲ್ಲಿ ಹರಿಸಿದರೆ ತಾಮ್ರ ಕರಗದೆ ಏನು ಮಾಡೀತು? ಕರಗಿದ ತಾಮ್ರ ನಾವು ಕುಡಿಯುವ ನೀರಿಗೇ ಸೇರುತ್ತಿತ್ತು ಅಂತ ಹೊಳೆದ ದಿನ ಆ ತಂತಿಗಳನ್ನು ಕಿತ್ತು ಬಿಸಾಕಿದೆ.

ಮುಟ್ಟದೆ ಅಳೆಯಬೇಕು ಅಂದರೆ ಅಲ್ಟ್ರಾಸಾನಿಕ್. ಜೆಎಸ್‌ಎನ್-ಎಸ್‌ಆರ್04ಟಿ ಅಂತ ಒಂದು ಮಾಡ್ಯೂಲ್ ಇದೆ. ಕಾರಿನ ಬಂಪರಿನಲ್ಲಿ ಇರುತ್ತಲ್ಲ, ಅಂಥದ್ದೇ ಕರಿ ಗುಂಡಿ, ನೀರು ಬಿದ್ದರೂ ಏನೂ ಆಗುವುದಿಲ್ಲ. 10 ಮೈಕ್ರೋಸೆಕೆಂಡು ಟ್ರಿಗರ್ ಕೊಟ್ಟರೆ 40 ಕಿಲೋಹರ್ಟ್ಸ್‌ನ ಶಬ್ದ ಬಿಡುತ್ತದೆ, ಅದು ನೀರಿಗೆ ಬಡಿದು ಮರಳುವ ಹೊತ್ತನ್ನು ಹೇಳುತ್ತದೆ. ಮೈಕ್ರೋಸೆಕೆಂಡುಗಳನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರ್. ಎಕೋ ಪಿನ್ನು 5 ವೋಲ್ಟ್ ಕೊಡುತ್ತದೆ, ಇಎಸ್‌ಪಿಗೆ 3.3 ಸಾಕು. ನಡುವೆ 1 ಕಿಲೋಓಮ್ ಮತ್ತು 2 ಕಿಲೋಓಮ್ ರೆಸಿಸ್ಟರ್ ಹಾಕಿ ಇಳಿಸಿಕೊಂಡೆ. ಮುಚ್ಚಳಕ್ಕೆ ತೂತು ಕೊರೆದು ಗುಂಡಿ ಕೂರಿಸಿದೆ. ಅಂಗಳದಲ್ಲಿ ಕೂತು ಮೊಬೈಲಿನಲ್ಲಿ ನೋಡಿದರೆ: 64 ಸೆಂಟಿಮೀಟರ್. ಮೇಲೆ ಹತ್ತಿ ಟೇಪ್ ಹಿಡಿದೆ: 64. ಆ ಕ್ಷಣದ ಖುಷಿ ಇದೆಯಲ್ಲ, ಅದಕ್ಕಾಗಿಯೇ ಇಷ್ಟೆಲ್ಲ ಒದ್ದಾಡುವುದು.

ಮರುದಿನ ಬೆಳಗ್ಗೆ ಆಂಟಿ ಕೂಗಿದರು.

ಆಗಿದ್ದು ಇಷ್ಟು. ಈ ಸೆನ್ಸರಿನಲ್ಲಿ ಕೂಗುವ ಬಾಯಿ, ಕೇಳುವ ಕಿವಿ ಎರಡೂ ಒಂದೇ. ತಾನು ಕೂಗಿದ ಕಂಪನ ನಿಲ್ಲುವವರೆಗೆ ಅದಕ್ಕೆ ಏನೂ ಕೇಳಿಸುವುದಿಲ್ಲ. ಹಾಗಾಗಿ ಸುಮಾರು 25 ಸೆಂಟಿಮೀಟರಿಗಿಂತ ಹತ್ತಿರದ್ದು ಅದಕ್ಕೆ ಕಾಣುವುದೇ ಇಲ್ಲ. ನಮ್ಮ ಟ್ಯಾಂಕು ತುಂಬಿದಾಗ ಮುಚ್ಚಳಕ್ಕೂ ನೀರಿಗೂ ನಡುವೆ ಇರುವುದು 15 ಸೆಂಟಿಮೀಟರ್. ನಾನು ಪ್ರೋಗ್ರಾಮಿನಲ್ಲಿ ಬರೆದದ್ದು "18ಕ್ಕೆ ಬಂದಾಗ ನಿಲ್ಲಿಸು". ಅದು 18ಕ್ಕೆ ಬರಲೇ ಇಲ್ಲ. ನೀರು 25 ದಾಟಿ ಮೇಲೆ ಬಂದ ಮೇಲೆ ಶಬ್ದ ಎರಡು ಸಲ ಹೋಗಿಬಂದು 40 ಅಂತ ತೋರಿಸಿತು. ಟ್ಯಾಂಕು ಉಕ್ಕುತ್ತಿದೆ, ಪೈ ಮಾತ್ರ "ಇನ್ನೂ ಜಾಗ ಇದೆ" ಅನ್ನುತ್ತಿದೆ.

ಪರಿಹಾರಕ್ಕೆ ನಾಲ್ಕಿಂಚಿನ ಪಿವಿಸಿ ಪೈಪ್ ತುಂಡೊಂದನ್ನು ಚಿಮಣಿಯ ಹಾಗೆ ಮುಚ್ಚಳದ ಮೇಲೆ ನಿಲ್ಲಿಸಿ, ಅದರ ತಲೆಯ ಕ್ಯಾಪಿನಲ್ಲಿ ಸೆನ್ಸರ್ ಕೂರಿಸಿದೆ. ಮೊದಲು ಒಂದಡಿ ಉದ್ದ ಕತ್ತರಿಸಿದ್ದೆ. ಆಗ ಪೈಪಿನ ಕೆಳಗಿನ ಅಂಚಿಗೇ ಶಬ್ದ ಬಡಿದು ಸದಾ 30 ಅಂತ ತೋರಿಸಿತು. ತಲೆ ಕೆರೆದುಕೊಂಡು ಕೂತಾಗ ಹೊಳೆಯಿತು. ಪೈಪು 20 ಸೆಂಟಿಮೀಟರ್ ಇದ್ದರೆ ಅದರ ಅಂಚು ಸೆನ್ಸರಿನ ಕುರುಡು ಜಾಗದೊಳಗೇ ಉಳಿಯುತ್ತದೆ. ತುಂಬಿದ ನೀರು 35ರಲ್ಲಿ ಇರುತ್ತದೆ, ಅದು ಕಾಣುತ್ತದೆ. ಹ್ಯಾಕ್ಸಾದಲ್ಲಿ ಹತ್ತು ಸೆಂಟಿಮೀಟರ್ ಕೊಯ್ದು ಹಾಕಿದೆ. ಸರಿಹೋಯಿತು.

ಆದರೂ ಆಗಾಗ ಒಂದು 0, ಒಂದು 400 ಬರುತ್ತಿತ್ತು. ಬೆಳಗಿನ ಜಾವ ಜಾಸ್ತಿ. ಸೆನ್ಸರಿನ ಮುಖದ ಮೇಲೆ ಬೆವರು ಹನಿಗಟ್ಟುತ್ತದೆ, ಜೊತೆಗೆ ಟ್ಯಾಂಕಿನ ಗೋಡೆಯ ಏಣುಗಳಿಗೂ ಶಬ್ದ ಬಡಿಯುತ್ತದೆ. ಸರಾಸರಿ ತೆಗೆದರೆ ಒಂದೇ ಒಂದು 400 ಎಲ್ಲ ಕೆಡಿಸುತ್ತದೆ. ಅದಕ್ಕೆ ಏಳು ಸಲ ಅಳೆದು, ಸಾಲಾಗಿ ಜೋಡಿಸಿ, ನಡುವಿನದನ್ನು ಮಾತ್ರ ತೆಗೆದುಕೊಳ್ಳುವಂತೆ ಮಾಡಿದೆ.

ಏಪ್ರಿಲಿನಲ್ಲಿ ಒಂದು ವಿಚಿತ್ರ ಕಂಡಿತು. ಗ್ರಾಫಿನಲ್ಲಿ ಬೆಳಗ್ಗೆ ಖಾಲಿಯಾದ ಟ್ಯಾಂಕಿನ ನೀರು ಮಧ್ಯಾಹ್ನದ ಹೊತ್ತಿಗೆ ತಾನಾಗಿ ಏರುತ್ತದೆ. ಯಾರೂ ಮೋಟರ್ ಹಾಕಿಲ್ಲ. ಸಂಜೆಗೆ ಮತ್ತೆ ಇಳಿಯುತ್ತದೆ. ಅಮ್ಮನಿಗೆ ತೋರಿಸಿದರೆ "ಗಂಗಮ್ಮ ಮನಸ್ಸು ಮಾಡಿದಾಳೆ ಬಿಡು" ಅಂದರು. ಗಂಗಮ್ಮ ಅಲ್ಲ, ಬಿಸಿಲು. ಕರಿ ಟ್ಯಾಂಕು, ಉರಿ ತಾರಸಿ. ಒಳಗೆ ಥರ್ಮಾಮೀಟರ್ ಬಿಟ್ಟು ನೋಡಿದರೆ 42 ಡಿಗ್ರಿ. ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 42ರಲ್ಲಿ ಸುಮಾರು 356. ಶಬ್ದ ಬೇಗ ವಾಪಸ್ ಬಂತು ಅಂದರೆ ಸೆನ್ಸರಿನ ಲೆಕ್ಕದಲ್ಲಿ ನೀರು ಹತ್ತಿರ ಇದೆ ಅಂತ. 120 ಸೆಂಟಿಮೀಟರ್ ಆಳದಲ್ಲಿ ನಾಲ್ಕೈದು ಸೆಂಟಿಮೀಟರ್ ತಪ್ಪು, ಅಂದರೆ ಸುಮಾರು ಮೂರು ಬಕೆಟ್ ಸುಳ್ಳು ನೀರು. ಡಿಎಸ್18ಬಿ20 ಉಷ್ಣತೆ ಸೆನ್ಸರ್ ಒಂದನ್ನು ಪೈಪಿನೊಳಗೆ ಸೇರಿಸಿ ಲೆಕ್ಕ ತಿದ್ದಿದೆ. ನಿಜ ಹೇಳಬೇಕೆಂದರೆ ಇದರ ಅಗತ್ಯವೇ ಇರಲಿಲ್ಲ. ಗ್ರಾಫ್ ನೆಟ್ಟಗೆ ಕಾಣಲಿ ಅನ್ನುವ ಚಟ ಅಷ್ಟೇ.

ತಾರಸಿಯ ಬೋರ್ಡಿಗೆ ಕರೆಂಟ್ ಒಯ್ಯುವಾಗ ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ನೆಟ್‌ವರ್ಕ್ ಕೇಬಲಿನ ಒಂದು ಜೋಡಿ ತಂತಿಯಲ್ಲಿ 5 ವೋಲ್ಟ್ ಕಳಿಸಿದೆ. 18 ಮೀಟರ್ ಹೋಗಿ ಬರುವ ತೆಳ್ಳನೆ ತಂತಿಗೆ ಮೂರು ಓಮ್ ಅಡ್ಡಿ. ಇಎಸ್‌ಪಿ ವೈಫೈ ಬಿಡುವಾಗ ಒಂದು ಕ್ಷಣ 300-400 ಮಿಲಿಆಂಪ್ ಎಳೆಯುತ್ತದೆ. ಒಂದು ವೋಲ್ಟ್ ಅಲ್ಲೇ ಹೋಯಿತು, ಬೋರ್ಡು ಹತ್ತುವುದು ಆರುವುದೇ ಕೆಲಸ ಮಾಡಿಕೊಂಡಿತು. ಕೆಳಗಿನಿಂದ 12 ವೋಲ್ಟ್ ಕಳಿಸಿ ಮೇಲೆ ಬಕ್ ಕನ್ವರ್ಟರಿನಲ್ಲಿ 5ಕ್ಕೆ ಇಳಿಸಿದ ಮೇಲೆ ತೆಪ್ಪಗಾಯಿತು.

ಇನ್ನೊಂದು ತರಲೆ ಕನ್ನಡದ್ದು. ಎಂಕ್ಯೂಟಿಟಿಯಲ್ಲಿ ಪ್ರತಿ ಸಂದೇಶಕ್ಕೂ ಒಂದು ವಿಷಯದ ಹೆಸರಿರುತ್ತದೆ. ಅದು ಯುಟಿಎಫ್-8ರಲ್ಲಿ, ಅಂದರೆ ಯಾವ ಭಾಷೆಯ ಅಕ್ಷರದಲ್ಲಾದರೂ, ಇರಬಹುದು. ಹಾಗಾದರೆ ಇಂಗ್ಲಿಷ್ ಯಾಕೆ ಅಂತ "ಮನೆ/ಟ್ಯಾಂಕು" ಅಂತಲೇ ಇಟ್ಟೆ. ಚೆನ್ನಾಗಿ ನಡೆಯಿತು. ಹುಮ್ಮಸ್ಸು ಬಂದು "ಟ್ಯಾಂಕಿನಲ್ಲಿ ನೀರು ತುಂಬಾನೇ ಕಡಿಮೆಯಾಗಿದೆ, ಸಂಪಿನಲ್ಲಿಯೂ ನೀರಿಲ್ಲ, ದಯವಿಟ್ಟು ಬೋರ್ ಮೋಟರ್ ಹಾಕಿ" ಅಂತ ಉದ್ದನೆಯ ವಾಕ್ಯ ಕಳಿಸಿದೆ. ಬರಲೇ ಇಲ್ಲ. ದೋಷದ ಸುದ್ದಿಯೂ ಇಲ್ಲ. ಎರಡು ಸಂಜೆ ಹುಡುಕಿದೆ. ಇಎಸ್‌ಪಿಯಲ್ಲಿ ನಾನು ಬಳಸಿದ ಪಬ್‌ಸಬ್‌ಕ್ಲೈಂಟ್ ಲೈಬ್ರರಿ, ಬೇರೆ ಹೇಳದಿದ್ದರೆ, ವಿಷಯದ ಹೆಸರೂ ಸೇರಿ 256 ಬೈಟಿಗಿಂತ ದೊಡ್ಡ ಸಂದೇಶ ಕಳಿಸುವುದಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರ, ಒತ್ತು, ಗುಣಿತದ ಗುರುತು, ಸೊನ್ನೆ ಎಲ್ಲಕ್ಕೂ ಮೂರು ಮೂರು. "ಟ್ಯಾಂಕು" ಅನ್ನುವ ಒಂದೇ ಪದಕ್ಕೆ 21 ಬೈಟ್! ಮಿತಿಯನ್ನು 512ಕ್ಕೆ ಏರಿಸಿದೆ, ವಾಕ್ಯವನ್ನೂ ಗಿಡ್ಡ ಮಾಡಿದೆ. "ದಯವಿಟ್ಟು" ತೆಗೆದದ್ದಕ್ಕೆ ಮನೆಯಲ್ಲಿ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಈಗ ಮೋಟರ್. ನಿಜವಾಗಿ ಹೆದರಿಸಿದ್ದು ಇದೇ.

ಮೋಟರ್ 1 ಎಚ್‌ಪಿ, ಸಿಂಗಲ್ ಫೇಸ್. ಹುಡುಗರ ಕಿಟ್‌ಗಳಲ್ಲಿ ಬರುವ ನೀಲಿ ಡಬ್ಬಿಯ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್) ಮಾಡ್ಯೂಲ್ ನನ್ನ ಹತ್ತಿರ ಇತ್ತು. ಅದರ ತಲೆಯ ಮೇಲೆ 10 ಆಂಪ್, 250 ವೋಲ್ಟ್ ಅಂತ ಬರೆದಿದೆ. ಮೋಟರ್ ಓಡುವಾಗ ಕ್ಲ್ಯಾಂಪ್ ಮೀಟರಿನಲ್ಲಿ 5.8 ಆಂಪ್. ಹತ್ತರಲ್ಲಿ ಆರು, ಆರಾಮಾಗಿ ಎಳೆಯುತ್ತದೆ ಅಂದುಕೊಂಡೆ. ಆದರೆ ಆ ಹತ್ತು ಆಂಪ್ ಹೀಟರಿನಂಥ ಸಾಧು ಲೋಡಿಗೆ. ಮೋಟರ್ ಹೊರಡುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು ಎಳೆಯುತ್ತದೆ. ನಿಲ್ಲಿಸುವಾಗ ಅದರ ಸುರುಳಿ ಸುಮ್ಮನೆ ಬಿಡುವುದಿಲ್ಲ, ಕಾಂಟ್ಯಾಕ್ಟ್ ಬಿಡಿಸಿಕೊಳ್ಳುವಾಗ ಕಿಡಿ ಹಾರುತ್ತದೆ.

ಮೂರನೆಯ ವಾರ. ಟ್ಯಾಂಕು ತುಂಬಿತು. ಪೈ "ನಿಲ್ಲಿಸು" ಅಂದಿತು. ರಿಲೇಯ ದೀಪ ಆರಿತು, "ಟಿಕ್" ಅನ್ನುವ ಸದ್ದೂ ಕೇಳಿಸಿತು. ಮೊಬೈಲಿನಲ್ಲಿ "ಮೋಟರ್ ಆಫ್" ಅಂತ ಬಂತು. ಮೋಟರ್ ಮಾತ್ರ ಗುಂಯ್ ಅಂತ ಓಡುತ್ತಲೇ ಇತ್ತು. ಆಂಟಿ ಕೂಗಿದರು. ನಾನು ಅಡುಗೆಮನೆಯಿಂದಲೇ "ಆಫ್ ಆಗಿದೆ ಆಂಟಿ" ಅಂತ ಮೊಬೈಲ್ ನೋಡಿಕೊಂಡು ಕೂಗಿದೆ. ಅಮ್ಮ ಏನೂ ಮಾತಾಡದೆ ಹಿತ್ತಲಿಗೆ ಹೋಗಿ ಮೇನ್ ಇಳಿಸಿ ಬಂದರು.

ರಿಲೇ ಬಿಚ್ಚಿದೆ. ನೀಲಿ ಮುಚ್ಚಳವನ್ನು ಬ್ಲೇಡಿನಲ್ಲಿ ಸುತ್ತ ಕೊಯ್ದು ಎಬ್ಬಿಸಿದರೆ ಒಳಗೆ ತಾಮ್ರದ ಸುರುಳಿ, ಅದರ ಪಕ್ಕ ಉಗುರಿನಷ್ಟಗಲದ ಒಂದು ಎಲೆ. ಎಲೆಯ ತುದಿಯ ಬೆಳ್ಳನೆ ಚುಕ್ಕೆ ಎದುರಿನ ಚುಕ್ಕೆಗೆ ಬೆಸೆದುಕೊಂಡಿತ್ತು. ಸುಟ್ಟ ವಾಸನೆ. ಸಣ್ಣ ಸ್ಕ್ರೂಡ್ರೈವರ್ ತುದಿಯಿಂದ ಮೀಟಿದೆ, ಬಿಡಲಿಲ್ಲ. ಇನ್ನೊಮ್ಮೆ ಜೋರಾಗಿ ಮೀಟಿದಾಗ "ಚಟ್" ಅಂತ ಬಿಟ್ಟಿತು. ಒಂದು ಕಡೆ ಸಾಸಿವೆ ಕಾಳಿನಷ್ಟು ಗುಳಿ, ಇನ್ನೊಂದು ಕಡೆ ಅಷ್ಟೇ ಗಾತ್ರದ ಗುಬ್ಬಿ, ಸುತ್ತ ಕಪ್ಪು ಮಸಿ. ಅದನ್ನು ಈಗಲೂ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ನಮ್ಮ ಕೇರಿಯ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿದೆ. ಅವರು ನನ್ನ ಮಾಡ್ಯೂಲನ್ನು ಕೈಯಲ್ಲಿ ತಿರುಗಿಸಿ ನೋಡಿ, "ಸಾರ್, ಇದು ಆಟದ ಸಾಮಾನು" ಅಂದರು. ಬೇಕಾದದ್ದು ಕಾಂಟ್ಯಾಕ್ಟರ್, ಮೋಟರಿನಂಥ ಭಾರದ ಲೋಡಿಗೆಂದೇ ಮಾಡಿದ ದೊಡ್ಡ ರಿಲೇ. ಕೊಳ್ಳುವಾಗ ಅದರ ಮೈಮೇಲೆ ಎರಡು ಅಂಕಿ ಇರುತ್ತದೆ. ಎಸಿ-1 ಅನ್ನುವುದು ಹೀಟರಿನಂಥವಕ್ಕೆ, ಎಸಿ-3 ಮೋಟರಿಗೆ. ದೊಡ್ಡ ಅಂಕಿ ನೋಡಿ ಮೋಸಹೋಗಬಾರದು, ಎಸಿ-3 ಎಷ್ಟಿದೆ ಅಂತ ನೋಡಬೇಕು. 12 ಆಂಪಿನದು ತಂದೆವು. ಈಗ ನನ್ನ ಪುಟ್ಟ ರಿಲೇಗೆ ಕಾಂಟ್ಯಾಕ್ಟರಿನ ಕಾಯಿಲ್ ಎಬ್ಬಿಸುವಷ್ಟೇ ಕೆಲಸ. ಮೋಟರಿನ ಭಾರ ಕಾಂಟ್ಯಾಕ್ಟರಿನದು.

ಅಣ್ಣ ಇನ್ನೊಂದು ಕೆಲಸ ಮಾಡಿದರು. ಮೂರು ಕಡೆ ತಿರುಗುವ ಸ್ವಿಚ್ ಹಾಕಿದರು. ಆಟೋ, ಆಫ್, ಮ್ಯಾನ್ಯುಯಲ್. ಮ್ಯಾನ್ಯುಯಲ್‌ಗೆ ತಿರುಗಿಸಿದರೆ ಕರೆಂಟ್ ನೇರ ಕಾಯಿಲಿಗೆ ಹೋಗುತ್ತದೆ. ನನ್ನ ಪೈ, ಇಎಸ್‌ಪಿ, ವೈಫೈ ಯಾವುದೂ ನಡುವೆ ಬರುವುದಿಲ್ಲ. "ನೀವು ಊರಲ್ಲಿ ಇಲ್ಲದಾಗ ಅಮ್ಮ ನೀರಿಲ್ದೆ ಕೂರಬೇಕಾ ಸಾರ್?" ಅಂದರು. ಮೂರು ತಿಂಗಳಿಂದ ಇದನ್ನು ಕಟ್ಟುತ್ತಿದ್ದ ನನಗೆ ಅದು ತೋಚಿರಲಿಲ್ಲ. ಜೊತೆಗೆ ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ 30 ಮಿಲಿಆಂಪಿನ ಆರ್‌ಸಿಸಿಬಿಯನ್ನೂ ಹಾಕಿಸಿದರು. 230 ವೋಲ್ಟಿನ ಕೆಲಸ ನಾನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ.

ರಿಲೇ ಬೆಸೆದುಕೊಂಡ ದಿನದಿಂದ ನನಗೆ ಪ್ರೋಗ್ರಾಮಿನ ಮೇಲೆ ನಂಬಿಕೆ ಹೋಯಿತು. ಹಾಗಾಗಿ ಟ್ಯಾಂಕಿನ ಕತ್ತಿನಲ್ಲಿ ನೂರೈವತ್ತು ರೂಪಾಯಿಯ, ನೀರಿನಲ್ಲಿ ತೇಲುವ ಚೆಂಡಿನ ಒಂದು ಫ್ಲೋಟ್ ಸ್ವಿಚ್, ಸಂಪಿನ ತಳದಲ್ಲಿ ಇನ್ನೊಂದು ಹಾಕಿದೆ. ಪುಟ್ಟ ರಿಲೇಯ ಕಾಯಿಲಿಗೆ ಹೋಗುವ 12 ವೋಲ್ಟ್ ಈ ಎರಡರ ಮೂಲಕವೇ ಹಾದು ಬರುತ್ತದೆ. ಟ್ಯಾಂಕು ತುಂಬಿ ಮೇಲಿನ ಚೆಂಡು ಎದ್ದರೆ ದಾರಿ ಕಟ್. ಸಂಪು ಬರಿದಾಗಿ ಕೆಳಗಿನ ಚೆಂಡು ಬಿದ್ದರೂ ಕಟ್. ಇಎಸ್‌ಪಿ ನಿದ್ದೆ ಹೋಗಿರಲಿ, ಪೈ ಸತ್ತಿರಲಿ, ಮೋಟರ್ ನಿಲ್ಲುತ್ತದೆ. ನೀರಿನ ಹತ್ತಿರಕ್ಕೆ ಹೋಗುವುದು 12 ವೋಲ್ಟ್ ಮಾತ್ರ. ಇದರ ಜೊತೆಗೆ ಕೆಳಗಿನ ಇಎಸ್‌ಪಿಗೆ ಎರಡು ಮಾತು ಹೇಳಿಟ್ಟಿದ್ದೇನೆ. ಮೇಲಿನಿಂದ 60 ಸೆಕೆಂಡು ಸುದ್ದಿ ಬರದಿದ್ದರೆ ನಿಲ್ಲಿಸು. ಏನೇ ಆಗಲಿ 40 ನಿಮಿಷಕ್ಕಿಂತ ಜಾಸ್ತಿ ಓಡಿಸಬೇಡ. ನಮ್ಮ ಟ್ಯಾಂಕು ತುಂಬಲು 25 ನಿಮಿಷ ಸಾಕು.

ಸಣ್ಣಪುಟ್ಟ ಕಾಟ ಇನ್ನೂ ಇತ್ತು. ಕರೆಂಟ್ ಹೋಗಿ ಬಂದಾಗಲೆಲ್ಲ ಕಾಂಟ್ಯಾಕ್ಟರ್ ಕಟಕಟ ಅಂತ ನಡುಗುತ್ತಿತ್ತು. ರಿಲೇಯನ್ನು ನಾನು ಡಿ4 ಪಿನ್ನಿಗೆ ಹಾಕಿದ್ದೆ. ಇಎಸ್‌ಪಿ ಏಳುವಾಗ ಆ ಪಿನ್ನಿನಲ್ಲಿ ತನ್ನಷ್ಟಕ್ಕೆ ಏನೋ ಗೊಣಗುತ್ತದೆ. ಡಿ1ಕ್ಕೆ ಬದಲಿಸಿದ ಮೇಲೆ ಮೌನ. ಕಾಂಟ್ಯಾಕ್ಟರ್ ಬಿಡುವಾಗಿನ ಗದ್ದಲಕ್ಕೆ ಇಎಸ್‌ಪಿ ರೀಸೆಟ್ ಆಗುತ್ತಿತ್ತು. 100 ಓಮ್ ರೆಸಿಸ್ಟರ್ ಮತ್ತು 0.1 ಮೈಕ್ರೋಫ್ಯಾರಡ್‌ನ ಎಕ್ಸ್2 ಕೆಪಾಸಿಟರನ್ನು ಒಂದರ ಹಿಂದೊಂದು ಜೋಡಿಸಿ, ಅಣ್ಣನ ಕೈಲೇ ಕಾಯಿಲಿನ ಎರಡು ತುದಿಗೆ ಹಾಕಿಸಿದೆ. ತಾರಸಿಯ ಡಬ್ಬಿಯೊಳಗೆ ಹಲ್ಲಿ ಎರಡು ಮೊಟ್ಟೆ ಇಟ್ಟಿತ್ತು. ಕೇಬಲ್ ಬರುವ ತೂತನ್ನು ಕೆಳಮುಖ ಮಾಡಿ ಗ್ಲ್ಯಾಂಡ್ ಬಿಗಿದೆ.

ಜೂನಿನಲ್ಲಿ ಪೈನ ಎಸ್‌ಡಿ ಕಾರ್ಡು ಸತ್ತಿತು. ಮಳೆ ಶುರುವಾದ ಮೇಲೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತಿತ್ತು. ಏನೋ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಾರ್ಡಿಗೆ ಏಟು. ಇದಕ್ಕೆ ಮದ್ದು ಗೊತ್ತಿತ್ತು. ಹೊಸ ಕಾರ್ಡಿಗೆ ಎಲ್ಲ ಹಾಕಿ, ಒಂದು ಭಾನುವಾರ ಸಂಜೆ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿದೆ. ಆಮೇಲೆ ಕಾರ್ಡಿಗೆ ಏನನ್ನೂ ಬರೆಯುವುದಿಲ್ಲ, ಬದಲಾವಣೆಯೆಲ್ಲ ರ‍್ಯಾಮಿನಲ್ಲಿ. ಯಾವಾಗ ಬೇಕಾದರೂ ಪ್ಲಗ್ ಕೀಳಬಹುದು. ಹೆಮ್ಮೆಯಿಂದ ಹತ್ತು ಸಲ ಕಿತ್ತು ನೋಡಿದೆ.

ಹತ್ತು ದಿನದ ಮೇಲೆ, ರಾತ್ರಿ ಎರಡೂವರೆಗೆ ಅಮ್ಮ ನನ್ನನ್ನು ಎಬ್ಬಿಸಿದರು. "ಮಗಾ, ಮೋಟರ್ ಓಡ್ತಿದೆ ಕಣೋ." ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಓಡಕೂಡದು ಅಂತ ನಾನೇ ಬರೆದಿದ್ದೆ. ಪೈಗೆ ಲಾಗಿನ್ ಆಗಿ ಗಂಟೆ ಕೇಳಿದೆ. ಭಾನುವಾರ, ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷ ಅಂದಿತು.

ಈ ಹಳೇ ಪೈನಲ್ಲಿ ಕರೆಂಟಿಲ್ಲದೆ ನಡೆಯುವ ಗಡಿಯಾರ ಇಲ್ಲ. ಕರೆಂಟ್ ಹೋಗುವ ಮೊದಲು ಕೊನೆಯ ಸಲ ಬರೆದಿಟ್ಟ ಹೊತ್ತನ್ನೇ ಹಿಡಿದು ಏಳುತ್ತದೆ, ಇಂಟರ್ನೆಟ್ ಸಿಕ್ಕ ಮೇಲೆ ತಿದ್ದಿಕೊಳ್ಳುತ್ತದೆ. ನಾನು ಬರೆಯುವುದನ್ನೇ ನಿಲ್ಲಿಸಿದ್ದೆನಲ್ಲ! ಹಾಗಾಗಿ ಕರೆಂಟ್ ಬಂದಾಗಲೆಲ್ಲ ನಮ್ಮ ಪೈಗೆ ಅದೇ ಭಾನುವಾರದ ಸಂಜೆ. ಅವತ್ತು ಏರಿಯಾ ಪೂರ್ತಿ ಕರೆಂಟ್ ಹೋಗಿ ಬಂದಿತ್ತು, ಇಂಟರ್ನೆಟ್ ಇನ್ನೂ ಬಂದಿರಲಿಲ್ಲ. ಟ್ಯಾಂಕಿನಲ್ಲಿ ನೀರು ಕಮ್ಮಿ, ಹೊತ್ತು ಸಂಜೆ ನಾಲ್ಕು. ಅದರ ಲೆಕ್ಕ ಸರಿಯಾಗಿಯೇ ಇತ್ತು.

ಡಿಎಸ್3231 ಅನ್ನುವ ಪುಟ್ಟ ಗಡಿಯಾರದ ಮಾಡ್ಯೂಲ್ ತರಿಸಿದೆ. ಬಟನ್ ಸೆಲ್ ಹಾಕಿದರೆ ಕರೆಂಟಿಲ್ಲದೆಯೂ ನಡೆಯುತ್ತದೆ, ವರ್ಷಕ್ಕೆ ಒಂದು ನಿಮಿಷದಷ್ಟು ತಪ್ಪಬಹುದು. ಮಾಮೂಲಾಗಿ ಸಿಗುವ ನೀಲಿ ಮಾಡ್ಯೂಲಿನಲ್ಲಿ ಸೆಲ್ಲನ್ನು ಚಾರ್ಜ್ ಮಾಡುವ ದಾರಿಯೊಂದಿದೆ. ನಾವು ಹಾಕುವ ಸಿಆರ್2032 ಚಾರ್ಜ್ ಮಾಡಬಾರದ ಸೆಲ್ಲು. ಅದಕ್ಕೆ 201 ಅಂತ ಬರೆದಿರುವ ಅಕ್ಕಿಕಾಳಿನಂಥ ರೆಸಿಸ್ಟರನ್ನು ಸಾಲ್ಡರಿಂಗ್ ಐರನ್ನಿನಲ್ಲಿ ಎಬ್ಬಿಸಿ ತೆಗೆದೆ. ಪೈನ 1, 3, 5, 6ನೇ ಪಿನ್ನಿಗೆ ನಾಲ್ಕು ತಂತಿ. ಹೊತ್ತನ್ನು ಬರೆದಿಡುವ ಹಳೇ ಸುಳ್ಳು ಗಡಿಯಾರದ ಪ್ಯಾಕೇಜನ್ನು ತೆಗೆದುಹಾಕಿ ರೀಬೂಟ್ ಮಾಡಿದೆ. ಪ್ಯಾಕೇಜು ವಾಪಸ್ ಬಂದು ಕೂತಿತ್ತು. ಮತ್ತೆ ತೆಗೆದೆ. ಮತ್ತೆ ಬಂತು. ಓವರ್‌ಲೇ ಆನ್ ಇದ್ದಾಗ ಮಾಡಿದ್ದೆಲ್ಲ ರೀಬೂಟಿಗೆ ಮಾಯ ಅಂತ ನೆನಪಾಗುವ ಹೊತ್ತಿಗೆ ಗಂಟೆ ಹನ್ನೊಂದು. ನಿಜವಾದ ಹನ್ನೊಂದು.

ಅದಾಗಿ ಐದು ತಿಂಗಳು. ಅಮ್ಮ ಮೊಬೈಲ್ ನೋಡುವುದಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಹಸಿರು, ಹಳದಿ, ಕೆಂಪು ಮೂರು ಎಲ್‌ಇಡಿ ಇಟ್ಟುಕೊಟ್ಟಿದ್ದೇನೆ, ಅದನ್ನು ನೋಡುತ್ತಾರೆ. ನೋಡಿ, ಸಂಶಯಕ್ಕೆ ಪೈಪಿಗೆ ಕಿವಿ ಇಟ್ಟು ಕೇಳುತ್ತಾರೆ.

ಮೊನ್ನೆ ಪಕ್ಕದ ಮನೆ ಆಂಟಿ ಕಾಂಪೌಂಡ್ ಹತ್ತಿರ ನಿಲ್ಲಿಸಿ, "ನಮ್ಮ ಮನೆಗೂ ಒಂದು ಮಾಡಿಕೊಡಪ್ಪ" ಅಂದರು. ಟೇಪ್ ಹಿಡಿದು ಅವರ ತಾರಸಿ ಹತ್ತಿದೆ. ಸಿಮೆಂಟ್ ಟ್ಯಾಂಕು. ತುಂಬಿದಾಗ ಮುಚ್ಚಳಕ್ಕೂ ನೀರಿಗೂ ನಡುವೆ ನಾಲ್ಕೇ ಇಂಚು. ಇಳಿದು ಬಂದು, "ಆಂಟಿ, ನಿಮಗೆ ಎರಡು ಫ್ಲೋಟು, ಒಂದು ಕಾಂಟ್ಯಾಕ್ಟರ್ ಸಾಕು. ಕಂಪ್ಯೂಟರೇ ಬೇಡ. ಎಲೆಕ್ಟ್ರಿಷಿಯನ್ ಅಣ್ಣ ಒಂದು ಬೆಳಗ್ಗೆಯಲ್ಲಿ ಹಾಕಿಕೊಡ್ತಾರೆ" ಅಂದೆ.

ಅವರ ಮುಖ ಸಪ್ಪಗಾಯಿತು. "ಅಂದ್ರೆ ಮೊಬೈಲಿಗೆ ಬರಲ್ವಾ?"